ಕೆಳೆಯೂ ನಂಟೂ: ವಿದ್ಯಾರ್ಥಿಜೀವನದಲ್ಲಿ ಸಖ್ಯದ ವಿಚಾರ

ಮುಂಗಾರು ಹಿಡಿದು ಕಾಲೇಜುಗಳು ಬಾಗಿಲು ತೆರೆಯುವ ದಿನಗಳಲ್ಲಿ ಬೆಂಗಳೂರಿನ ಶ್ರೀನಗರದ ಬಸ್ ನಿಲ್ದಾಣದ ಬಳಿ ಒಂದು ದೃಶ್ಯವನ್ನು ಕಾಣಬಹುದು. ತಂದೆಯೊಬ್ಬನು ಹಾಸಿಗೆಯ ಸುರುಳಿಯನ್ನು ಹೆಗಲಿಗೇರಿಸಿಕೊಂಡು ಮುಂದೆ ನಡೆಯುತ್ತಾನೆ. ಎರಡು ಕೈಗಳಲ್ಲಿಯೂ ಚೀಲ ಹಿಡಿದ ಮಗ ಹಿಂದೆ ಬರುತ್ತಾನೆ. ಅವರು ಹಾವೇರಿಯವರಾಗಿರಬಹುದು, ಚಿತ್ರದುರ್ಗದ ಕಡೆಯವರಾಗಿರಬಹುದು, ದೂರದ ಬೀದರಿನವರೂ ಆಗಿರಬಹುದು. ಕಾಲೇಜಿನಲ್ಲಿ ಸ್ಥಳ ದೊರೆತಿದೆ, ಕೋಣೆ ಗೊತ್ತಾಗಿದೆ, ಮುಂಗಡ ಸಂದಾಯವಾಗಿದೆ, ಊಟದ ವ್ಯವಸ್ಥೆಯನ್ನು ವಿಚಾರಿಸಿದ್ದಾಗಿದೆ. ರಾತ್ರಿಯ ಬಸ್ಸಿಗೆ ತಂದೆ ಊರಿಗೆ ಹೊರಟುಹೋಗುತ್ತಾನೆ. ಎಲ್ಲವನ್ನೂ ವಿಚಾರಿಸಿದ ಆ ತಂದೆ ಒಂದು ಪ್ರಶ್ನೆಯನ್ನು ಮಾತ್ರ ಕೇಳಿರುವುದಿಲ್ಲ, ಕೇಳಬೇಕೆಂದು ಅವನಿಗೆ ತೋಚಿಯೂ ಇರುವುದಿಲ್ಲ: ಆ ರಾತ್ರಿ ಮಗನು ಊಟಕ್ಕೆ ಕುಳಿತಾಗ ಅವನ ಪಕ್ಕದಲ್ಲಿ ಯಾರು ಕೂರುತ್ತಾರೆ?

ಶ್ರೀನಗರವು ವಿದ್ಯಾರ್ಥಿಗಳ ಬೀಡಾಗಿರುವುದಕ್ಕೆ ಅದರ ನೆಲೆಯೇ ಕಾರಣ. ಹನುಮಂತನಗರದ ಮಗ್ಗುಲಿಗೆ, ಗವಿಪುರಕ್ಕೂ ಕೆಂಪಾಂಬುಧಿ ಕೆರೆಗೂ ಅನತಿದೂರದಲ್ಲಿರುವ ಈ ಬಡಾವಣೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ಹಲವು ವಿದ್ಯಾಸಂಸ್ಥೆಗಳಿವೆ. ಬುಲ್ ಟೆಂಪಲ್ ರಸ್ತೆಯಲ್ಲಿ ಬಿ.ಎಂ. ಶ್ರೀನಿವಾಸಯ್ಯನವರು 1946ರಲ್ಲಿ ಸ್ಥಾಪಿಸಿದ ಇಂಜಿನಿಯರಿಂಗ್ ಕಾಲೇಜು, ಬಸವನಗುಡಿಯಲ್ಲಿ 1945ರಲ್ಲಿ ಆರಂಭವಾದ ನ್ಯಾಷನಲ್ ಕಾಲೇಜು, ಹನುಮಂತನಗರದಲ್ಲಿ ಪಿ.ಇ.ಎಸ್. ಸಂಸ್ಥೆ ಇವು ಪ್ರಸಿದ್ಧವಾದವು. ಗಾಂಧಿಬಜಾರಿನಲ್ಲಿ 1943ರಲ್ಲಿ ತೆರೆದ ಉಪಾಹಾರಗೃಹವೊಂದು ಸುತ್ತಣ ಶಾಲಾಕಾಲೇಜುಗಳ ಹುಡುಗರನ್ನೇ ನೆಚ್ಚಿಕೊಂಡು ‘ವಿದ್ಯಾರ್ಥಿ ಭವನ’ವೆಂಬ ಹೆಸರನ್ನು ಪಡೆಯಿತೆಂಬುದು ಈ ಪ್ರದೇಶದ ಸ್ವಭಾವವನ್ನು ಚೆನ್ನಾಗಿ ತಿಳಿಸುತ್ತದೆ. ಇಂದು ಅಲ್ಲಿ ಮಸಾಲೆದೋಸೆಗಾಗಿ ಕಾದು ನಿಲ್ಲುವವರಲ್ಲಿ ವಿದ್ಯಾರ್ಥಿಗಳಿಗಿಂತ ಮೊಮ್ಮಕ್ಕಳನ್ನು ಕಂಡವರೇ ಹೆಚ್ಚಾಗಿರಬಹುದು. ಅದು ಬೇರೆ ಮಾತು.

ಹೀಗೆ ಬಂದು ನೆಲೆಸಿದ ವಿದ್ಯಾರ್ಥಿಯ ಮೊದಲ ಕೆಲವು ತಿಂಗಳುಗಳ ಏಕಾಂತವನ್ನು ಹಿರಿಯರು ಲಘುವಾಗಿ ಕಾಣುವುದುಂಟು. ‘ಓದಲು ಹೋದವನಿಗೆ ಗೆಳೆಯರೇತಕ್ಕೆ’ ಎಂದು ಕೇಳುವ ತಂದೆತಾಯಿಗಳು ಇದ್ದಾರೆ. ಆದರೆ ಅಧ್ಯಾಪಕವೃತ್ತಿಯಲ್ಲಿ ಕೆಲಕಾಲವಾದರೂ ಕಳೆದವರು ಇದರ ಪರಿಣಾಮವನ್ನು ಬಲ್ಲರು. ಊರಿನ ಶಾಲೆಯಲ್ಲಿ ಮೊದಲ ಸಾಲಿನಲ್ಲಿ ಕೂರುತ್ತಿದ್ದ ಹುಡುಗ ಇಲ್ಲಿ ಹಿಂದಿನ ಬೆಂಚಿನ ಮೂಲೆಯನ್ನು ಹಿಡಿಯುತ್ತಾನೆ; ದಸರಾ ರಜೆಗೆ ಊರಿಗೆ ಹೋದವನು ವಾರ ತಡವಾಗಿ ಬರುತ್ತಾನೆ; ಸಂಕ್ರಾಂತಿಗೆ ಹೋದವನು ಬಾರದೆಯೇ ಉಳಿದುಬಿಡುತ್ತಾನೆ. ‘ಆರೋಗ್ಯ ಸರಿಯಿಲ್ಲ’ ಎಂದು ತಂದೆಯ ಪತ್ರ ಬರುತ್ತದೆ. ಬುದ್ಧಿಗೆ ಕೊರತೆಯಿರಲಿಲ್ಲ, ಹಣವೂ ಹೇಗೋ ಒದಗುತ್ತಿತ್ತು. ಅರ್ಥವಾಗದ ಪಾಠವನ್ನು ‘ಇದೇನೋ’ ಎಂದು ಕೇಳುವುದಕ್ಕೆ ಒಬ್ಬನು ಇರಲಿಲ್ಲ, ಅಷ್ಟೆ. ಆದ್ದರಿಂದ ಸಖ್ಯದ ವಿಚಾರವನ್ನು ವಿದ್ಯೆಯ ವಿಚಾರದಿಂದ ಬೇರ್ಪಡಿಸಿ ನೋಡುವುದು ಸಾಧುವಲ್ಲ.

ಈ ಸಂಬಂಧವನ್ನು ಭಾಷೆಯೇ ಗುರುತಿಸಿಟ್ಟಿದೆ. ಇಂದಿನ ‘ಗೆಳೆಯ’ನು ಹಳಗನ್ನಡದಲ್ಲಿ ‘ಕೆಳೆಯ’, ‘ಕೆಳೆ’ಯೆಂದರೆ ಮೈತ್ರಿ. ಇದಕ್ಕೆ ಜ್ಞಾತಿಯಾದ ತಮಿಳಿನ ‘ಕೇಳ್’ ಶಬ್ದಕ್ಕೆ ಬಂಧುವೆಂಬ ಅರ್ಥವೇ ಪ್ರಧಾನವಾಗಿದೆ. ಇನ್ನೊಂದು ಕಡೆ, ಕನ್ನಡದಲ್ಲಿ ‘ನಂಟ’ನೆಂದರೆ ಬಂಧು, ‘ನಂಟು’ ಎಂದರೆ ಬಂಧುತ್ವ; ಇದರ ಜ್ಞಾತಿಪದಗಳಾದ ತಮಿಳಿನ ‘ನಣ್ಪನ್’, ‘ನಟ್ಪು’ ಎಂಬಿವು ಗೆಳೆಯನನ್ನೂ ಗೆಳೆತನವನ್ನೂ ಹೇಳುತ್ತವೆ. ಒಂದು ಸೋದರಭಾಷೆಯ ಬಂಧು ಇನ್ನೊಂದರಲ್ಲಿ ಗೆಳೆಯನಾಗಿದ್ದಾನೆ; ಅಲ್ಲಿಯ ಗೆಳೆಯ ಇಲ್ಲಿ ಬಂಧುವಾಗಿದ್ದಾನೆ. ಎರಡು ಮನೆಗಳ ನಡುವೆ ಹೆಣ್ಣು ಕೊಟ್ಟು ತಂದುಕೊಂಡಂತೆ ಈ ಪದಗಳು ಅರ್ಥವನ್ನು ಕೊಟ್ಟು ತಂದುಕೊಂಡಿವೆ. ಹುಟ್ಟಿನಿಂದ ಬಂದ ಸಂಬಂಧಕ್ಕೂ ಆರಿಸಿಕೊಂಡ ಸಂಬಂಧಕ್ಕೂ ನಡುವಣ ಗೆರೆ ದ್ರಾವಿಡ ಜನರ ಮನಸ್ಸಿನಲ್ಲಿ ಎಷ್ಟು ತೆಳುವಾಗಿತ್ತೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಸಂಸ್ಕೃತದ ‘ಸ್ನೇಹ’ ಶಬ್ದಕ್ಕೆ ಎಣ್ಣೆ, ಜಿಡ್ಡು ಎಂಬ ಅರ್ಥವೂ ಇರುವುದು ಸರ್ವವಿದಿತ. ಅಷ್ಟು ಪರಿಚಿತವಲ್ಲದ ಇನ್ನೊಂದು ಪದ ‘ಸತೀರ್ಥ್ಯ’. ಒಬ್ಬನೇ ಗುರುವಿನಲ್ಲಿ ಓದಿದವರನ್ನು ಅಮರಕೋಶವು ಈ ಹೆಸರಿನಿಂದ ಕರೆಯುತ್ತದೆ. ತೀರ್ಥವೆಂದರೆ ಗುರು ಎಂದು ಇಲ್ಲಿ ಅರ್ಥ. ನೀರಿಗೆ ಇಳಿಯುವ ಮೆಟ್ಟಿಲೆಂಬ ಅರ್ಥವೂ ಅದಕ್ಕುಂಟು. ಒಂದೇ ಮೆಟ್ಟಿಲಿನಲ್ಲಿ ಇಳಿದು ಒಂದೇ ನೀರನ್ನು ಮುಟ್ಟಿದವರು ಸತೀರ್ಥ್ಯರು. ಅವರು ಒಬ್ಬರನ್ನೊಬ್ಬರು ಹುಡುಕಿಕೊಂಡು ಬಂದವರಲ್ಲವೆಂಬುದನ್ನು ಗಮನಿಸಬೇಕು. ನೀರನ್ನು ಹುಡುಕಿಕೊಂಡು ಬಂದರು, ಮೆಟ್ಟಿಲಿನ ಮೇಲೆ ಪರಸ್ಪರ ಕಂಡರು. ವಿದ್ಯಾರ್ಥಿಗಳ ಗೆಳೆತನದ ಲಕ್ಷಣವೆಲ್ಲ ಈ ಒಂದು ಪದದಲ್ಲಿ ಅಡಗಿದೆ. ಗೆಳೆಯರನ್ನು ಗಳಿಸಲೇಬೇಕೆಂದು ಹೊರಟವನಿಗೆ ಅವರು ದೊರೆಯುವುದು ಕಷ್ಟ. ಒಂದೇ ಕೆಲಸಕ್ಕಾಗಿ, ಒಂದೇ ಸ್ಥಳಕ್ಕೆ, ಒಂದೇ ಹೊತ್ತಿಗೆ, ಮತ್ತೆ ಮತ್ತೆ ಬರುವವರು ತಾವರಿಯದೆಯೇ ಗೆಳೆಯರಾಗುತ್ತಾರೆ.

ಇಂತಹ ಸ್ಥಳಗಳಲ್ಲಿ ಮೊದಲನೆಯದು ಊಟದ ಪಂಕ್ತಿ. ವಿದ್ಯಾರ್ಥಿನಿಲಯಗಳು ವ್ಯಾಪಕವಾಗಿ ಇಲ್ಲದಿದ್ದ ಕಾಲದಲ್ಲಿ ಬಡ ವಿದ್ಯಾರ್ಥಿಗಳಿಗೆ ಆಧಾರವಾಗಿದ್ದುದು ವಾರಾನ್ನ. ವಾರದ ಏಳು ದಿನಗಳಿಗೆ ಏಳು ಮನೆಗಳನ್ನು ಗೊತ್ತುಮಾಡಿಕೊಂಡು ಸರದಿಯಂತೆ ಉಂಡು ಓದಿದವರು ಮುಂದೆ ನ್ಯಾಯಾಧೀಶರಾದರು, ಪ್ರಾಧ್ಯಾಪಕರಾದರು. ಆ ಮನೆಗಳ ಗೃಹಿಣಿಯರ ಔದಾರ್ಯಕ್ಕೆ ಕೃತಜ್ಞತೆ ಸಲ್ಲಲೇಬೇಕು. ಆದರೂ ವಾರಾನ್ನದ ಹುಡುಗನಿಗೆ ಏಳು ಮನೆಗಳಿದ್ದವೇ ಹೊರತು ಜೊತೆಯಲ್ಲಿ ಉಣ್ಣುವ ಓರಗೆಯವನು ಒಬ್ಬನೂ ಇರಲಿಲ್ಲ. ಅವನು ಎಲ್ಲ ಮನೆಗಳಲ್ಲಿಯೂ ಸ್ವಲ್ಪ ಸಂಕೋಚದಿಂದಲೇ ಉಂಡನು. ಎರಡನೆಯ ಸಲ ಸಾರು ಬೇಕೆಂದು ಕೇಳಲು ಹಿಂಜರಿದನು. ವಿದ್ಯಾರ್ಥಿನಿಲಯದ ಪಂಕ್ತಿಯಲ್ಲಿ ಕುಳಿತವನಿಗೆ ಈ ಸಂಕೋಚವಿಲ್ಲ. ಎಡಕ್ಕೂ ಬಲಕ್ಕೂ ಇರುವವರು ತನ್ನಂತೆಯೇ ಬಂದವರು. ಮುದ್ದೆ ಸಣ್ಣದಾಯಿತೆಂದು ಗೊಣಗುವ ಸ್ವಾತಂತ್ರ್ಯ ಅವನಿಗುಂಟು, ಆ ಗೊಣಗಾಟಕ್ಕೆ ದನಿಗೂಡಿಸುವ ನೆರೆಯವರೂ ಉಂಟು. ಅಡಿಗೆಯವನ ಸಾರನ್ನು ಕುರಿತು ಒಟ್ಟಾಗಿ ದೂರಿದವರಲ್ಲಿ ಹುಟ್ಟಿದ ಗೆಳೆತನ ನಲವತ್ತು ವರ್ಷ ಬಾಳಿರುವ ನಿದರ್ಶನಗಳು ಹಳೆಯ ವಿದ್ಯಾರ್ಥಿಗಳ ಯಾವ ಕೂಟದಲ್ಲಿಯೂ ದೊರೆಯುತ್ತವೆ.

ಗ್ರೀಸಿನ ತತ್ತ್ವಜ್ಞಾನಿ ಅರಿಸ್ಟಾಟಲನು ತನ್ನ ನೀತಿಶಾಸ್ತ್ರದಲ್ಲಿ ಗೆಳೆತನವನ್ನು ವಿವರಿಸುತ್ತ, ಜೊತೆಯಲ್ಲಿ ಸಾಕಷ್ಟು ಉಪ್ಪನ್ನು ತಿನ್ನದೆ ಇಬ್ಬರು ಒಬ್ಬರನ್ನೊಬ್ಬರು ಅರಿಯಲಾರರೆಂಬ ಗಾದೆಯನ್ನು ನೆನೆಯುತ್ತಾನೆ. ಉಪ್ಪಿನ ಋಣವನ್ನು ಬಲ್ಲ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದು ಸೇರು ಉಪ್ಪು ಮುಗಿಯುವುದಕ್ಕೆ ಎಷ್ಟು ಊಟಗಳು ಬೇಕೆಂಬುದನ್ನು ಎಣಿಸಿದರೆ ಗೆಳೆತನಕ್ಕೆ ಬೇಕಾದ ಕಾಲದ ಅಂದಾಜು ದೊರೆಯುತ್ತದೆ. ಆಂಗ್ಲಭಾಷೆಯ ‘ಕಂಪ್ಯಾನಿಯನ್’ ಎಂಬ ಮಾತಿಗೂ ಲ್ಯಾಟಿನ್ ಮೂಲದಲ್ಲಿ ಜೊತೆಯಲ್ಲಿ ರೊಟ್ಟಿ ತಿನ್ನುವವನೆಂದೇ ಅರ್ಥ.

ಕರ್ನಾಟಕದಲ್ಲಿ ಈ ಪಂಕ್ತಿಯನ್ನು ಹಾಕಿಸಿದವರು ಮಠಗಳು, ದಾನಿಗಳು ಮತ್ತು ಸಮುದಾಯಗಳ ಸಂಘಗಳು. ಗುಬ್ಬಿ ತೋಟದಪ್ಪನವರು (1838–1910) ಬೆಂಗಳೂರಿನ ರೈಲು ನಿಲ್ದಾಣದ ಬಳಿ ಕಟ್ಟಿಸಿದ ಧರ್ಮಛತ್ರವು 1903ರಲ್ಲಿ ಆರಂಭವಾಯಿತು. ಅವರ ಧರ್ಮಸಂಸ್ಥೆಯ ಉಚಿತ ವಿದ್ಯಾರ್ಥಿನಿಲಯದಲ್ಲಿ ಉಂಡು ಓದಿದವರು ನಾಡಿನ ಎಲ್ಲ ಕಡೆಗಳಲ್ಲಿಯೂ ಇದ್ದಾರೆ. 1905ರಲ್ಲಿ ಮೈಸೂರು ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆ, 1906ರಲ್ಲಿ ಒಕ್ಕಲಿಗರ ಸಂಘ, ಉತ್ತರದಲ್ಲಿ 1916ರಲ್ಲಿ ಬೆಳಗಾವಿಯ ಕೆ.ಎಲ್.ಇ. ಸಂಸ್ಥೆ ಹುಟ್ಟಿದವು. ಧಾರವಾಡದ ಮುರುಘಾಮಠದಲ್ಲಿ ಮೃತ್ಯುಂಜಯ ಅಪ್ಪಗಳು ನಡೆಸಿದ ಪ್ರಸಾದನಿಲಯದ ಅನ್ನವುಂಡು ಕಾಲೇಜು ಮುಗಿಸಿದ ಬಡಹುಡುಗರಿಗೆ ಲೆಕ್ಕವಿಲ್ಲ. ಹೈಸ್ಕೂಲೆಂದರೆ ಏನೆಂದು ಅರಿಯದ ಮನೆತನಗಳ ಮಕ್ಕಳು ಪದವೀಧರರಾದದ್ದು ಈ ನಿಲಯಗಳಿಂದ. ಇವು ಇಲ್ಲದಿದ್ದರೆ ನಗರದ ಕಾಲೇಜು ನಗರದವರ ಕಾಲೇಜಾಗಿಯೇ ಉಳಿಯುತ್ತಿತ್ತು.

ಇಷ್ಟನ್ನು ಒಪ್ಪಿದ ಮೇಲೆ ಇನ್ನೊಂದು ಮಾತನ್ನು ಹೇಳದಿರುವುದು ಪ್ರಾಮಾಣಿಕತೆಯಾಗದು. ಸಮುದಾಯದ ಆಶ್ರಯದಲ್ಲಿ ಬೆಳೆದ ನಿಲಯವು ಗೆಳೆತನಕ್ಕೆ ತೊಟ್ಟಿಲಾದಂತೆ ಬೇಲಿಯೂ ಆಗಬಲ್ಲದು. ಹಳ್ಳಿಯಿಂದ ಬಂದ ಹುಡುಗ ತನ್ನವರ ನಡುವೆ ಬಂದು ಇಳಿಯುತ್ತಾನೆ, ಭಯ ಹೋಗುತ್ತದೆ, ಇದು ಒಳ್ಳೆಯದು. ಮೂರು ವರ್ಷಗಳ ನಂತರ ಹೊರಡುವಾಗಲೂ ಅವನಿಗೆ ತನ್ನವರಲ್ಲದ ಒಬ್ಬ ಗೆಳೆಯನೂ ಇಲ್ಲದಿದ್ದರೆ, ಅವನು ಬೆಂಗಳೂರಿಗೆ ಬಂದದ್ದೇಕೆಂಬ ಪ್ರಶ್ನೆ ಏಳುತ್ತದೆ. ತನ್ನ ಓಣಿಯನ್ನೇ ಹೊತ್ತು ತಂದು ಇಲ್ಲಿ ಹಾಸಿ ಅದರ ಮೇಲೆ ಮಲಗಿ ಎದ್ದು ಹೋದಂತಾಯಿತು.

ಹೊಸಬನನ್ನು ಕೋಣೆಯಲ್ಲಿ ಮೊದಲು ಕೇಳುವ ಪ್ರಶ್ನೆ ಅವನ ಹೆಸರು, ಎರಡನೆಯದು ಊರು, ಮೂರನೆಯದು, ನೇರವಾಗಿಯೋ ಬಳಸಿಯೋ, ‘ನೀವು ಯಾವ ಪೈಕಿ?’ ಎಂಬುದು. ಈ ಪ್ರಶ್ನೆಗೆ ಕನ್ನಡ ಕಾವ್ಯದಲ್ಲಿ ಸಾವಿರ ವರ್ಷಗಳ ಇತಿಹಾಸವಿದೆ. ಪಂಪನ ವಿಕ್ರಮಾರ್ಜುನವಿಜಯದಲ್ಲಿ (941) ಶಸ್ತ್ರವಿದ್ಯೆಯನ್ನು ಪ್ರದರ್ಶಿಸುವ ರಂಗದಲ್ಲಿ ನಿಂತ ಕರ್ಣನ ಕುಲವನ್ನು ಎತ್ತಿ ಹಂಗಿಸಲಾಗುತ್ತದೆ. ಆಗ ಅವನ ಪಕ್ಕಕ್ಕೆ ಬಂದು ನಿಂತವನು ದುರ್ಯೋಧನ. ಆ ಕ್ಷಣದಲ್ಲಿ ಹುಟ್ಟಿದ ಸಖ್ಯ ಕುರುಕ್ಷೇತ್ರದವರೆಗೂ ಸಡಿಲಲಿಲ್ಲ. ವಿಮರ್ಶಕರು ಇದರಲ್ಲಿ ದುರ್ಯೋಧನನ ಸ್ವಾರ್ಥವೆಷ್ಟು, ಸ್ನೇಹವೆಷ್ಟು ಎಂದು ತೂಗಿ ನೋಡಿದ್ದಾರೆ. ತೂಕವೇನೇ ಇರಲಿ, ಕಲಿಯುವ ವಯಸ್ಸಿನಲ್ಲಿ ತುಂಬಿದ ಸಭೆಯೆದುರು ಕುಲವನ್ನು ಕೇಳಿಸಿಕೊಂಡವನು, ಆಗ ತನ್ನ ಕೈ ಹಿಡಿದವನನ್ನು ಸಾಯುವವರೆಗೂ ಮರೆಯಲಾರನೆಂಬುದನ್ನು ಪಂಪನು ಬಲ್ಲವನಾಗಿದ್ದನು. ವಿದ್ಯಾರ್ಥಿನಿಲಯದ ಕೋಣೆಯೂ ಒಂದು ರಂಗವೇ. ಅಲ್ಲಿ ಹಂಗಿಸಿದವರನ್ನೂ ಹಂಗಿಸುವಾಗ ಸುಮ್ಮನಿದ್ದವರನ್ನೂ ಹುಡುಗನು ನೆನಪಿಟ್ಟುಕೊಳ್ಳುತ್ತಾನೆ. ಬಂದವನನ್ನು ಯಾರವನೆಂದು ಕೇಳದೆ ಮನೆಯ ಮಗನೆಂದೇ ಕಾಣಬೇಕೆಂಬ ಬಸವಣ್ಣನವರ ಆಶಯವನ್ನು ಪ್ರತಿದಿನದ ಪ್ರಾರ್ಥನೆಯಲ್ಲಿ ಹಾಡುವ ನಿಲಯಗಳಿಗೆ ಈ ವಿಷಯದಲ್ಲಿ ಇತರರಿಗಿಂತ ಹೆಚ್ಚಿನ ಹೊಣೆಯಿದೆ.

ಕುಲದಷ್ಟು ಆಳವಲ್ಲದಿದ್ದರೂ ಭಾಷೆಯೂ ಒಂದು ಬೇಲಿಯೇ. ಕಲಬುರಗಿಯ ಹುಡುಗ ಶ್ರೀನಗರದ ಅಂಗಡಿಯಲ್ಲಿ ‘ಒಂದ್ ಪೆನ್ ಕೊಡ್ರೀ’ ಎಂದಾಗ ಅಕ್ಕಪಕ್ಕದವರು ನಸುನಗುತ್ತಾರೆ. ಆ ನಗೆಯಲ್ಲಿ ದ್ವೇಷವಿರುವುದಿಲ್ಲ. ಆದರೂ ಅದು ಚುಚ್ಚುತ್ತದೆ. ಮರುದಿನದಿಂದ ಅವನು ತರಗತಿಯಲ್ಲಿ ಬಾಯಿ ತೆರೆಯುವುದಕ್ಕೆ ಮುನ್ನ ಯೋಚಿಸುತ್ತಾನೆ, ಇಲ್ಲವೇ ಅರೆಬರೆ ಇಂಗ್ಲಿಷಿನ ಮರೆಯನ್ನು ಹೊಕ್ಕುತ್ತಾನೆ. ಕರಾವಳಿಯಿಂದ ಬಂದವನದೂ ಇದೇ ಕಥೆ. ಅವನು ಪುಸ್ತಕದಂತೆ ಮಾತಾಡುತ್ತಾನೆಂಬ ಹಾಸ್ಯ. ಒಂದೇ ಭಾಷೆಯನ್ನಾಡುವವರು ಒಬ್ಬರ ಮಾತಿಗೊಬ್ಬರು ನಗುವುದು ಆ ಭಾಷೆಯ ವಿಸ್ತಾರವನ್ನು ಅರಿಯದುದರ ಫಲ. ಪ್ರತ್ಯೇಕ ಪ್ರಾಂತ್ಯಗಳಲ್ಲಿ ಹಂಚಿಹೋಗಿದ್ದ ಕನ್ನಡ ಪ್ರದೇಶಗಳು 1956ರಲ್ಲಿ ಒಂದಾದವು. ಕೋಣೆಯೊಳಗಿನ ಏಕೀಕರಣ ಪ್ರತಿ ಜೂನ್ ತಿಂಗಳಿನಲ್ಲಿಯೂ ಹೊಸದಾಗಿ ನಡೆಯಬೇಕಾಗಿದೆ.

ಬೆಂಗಳೂರಿನ ಹುಡುಗರ ಸಂಬೋಧನೆಗಳೂ ಹೊಸಬನಿಗೆ ಒಗಟು. ಇಲ್ಲಿ ಓರಗೆಯವನನ್ನು ‘ಗುರು’ ಎನ್ನುತ್ತಾರೆ, ‘ಮಗಾ’ ಎನ್ನುತ್ತಾರೆ, ಹಿಂದಿನ ತಲೆಮಾರಿನವರು ‘ಶಿಷ್ಯಾ’ ಎಂದೂ ಕೂಗುತ್ತಿದ್ದರು. ಗುರುವೂ ಶಿಷ್ಯನೂ ಮಗನೂ ಒಬ್ಬನೇ ಆಗುವ ಈ ವಿಚಿತ್ರವನ್ನು ಕಂಡು ಸಂಪ್ರದಾಯಸ್ಥರು ಹುಬ್ಬುಗಂಟಿಕ್ಕುವುದುಂಟು. ವಾಸ್ತವವಾಗಿ ಇದು ತೀರ ಅನರ್ಥವೇನೂ ಅಲ್ಲ. ಗಣಿತದಲ್ಲಿ ಗುರುವಾದವನು ಕನ್ನಡದಲ್ಲಿ ಶಿಷ್ಯನಾಗುವುದು ಗೆಳೆಯರಲ್ಲಿ ಸಹಜ. ಉತ್ತರ ಕರ್ನಾಟಕದ ಹುಡುಗ ತನ್ನೊಡನೆ ತಂದ ‘ದೋಸ್ತ’ ಎಂಬುದು ಪಾರಸಿಯಿಂದ ಬಂದ ಮಾತು. ಎರಡನೆಯ ವರ್ಷದ ಹೊತ್ತಿಗೆ ಒಂದೇ ಕೋಣೆಯಲ್ಲಿ ‘ಗುರು’ವೂ ‘ದೋಸ್ತ’ನೂ ಸಲೀಸಾಗಿ ಬೆರೆತಿರುತ್ತವೆ, ಬೆಂಗಳೂರಿನವನು ‘ಹೌದೇನ್ರೀ’ ಎನ್ನಲು ಕಲಿತಿರುತ್ತಾನೆ. ಪದಗಳು ಕೊಡುಕೊಳ್ಳುವಿಕೆಗೆ ತೊಡಗಿದವೆಂದರೆ ಕೆಳೆ ಕುದುರಿತೆಂದು ತಿಳಿಯಬಹುದು.

ಪಂಕ್ತಿಯ ನಂತರದ ಸ್ಥಾನ ಗೋಷ್ಠಿಗೆ. ದನಗಳು ಕೂಡುವ ಕೊಟ್ಟಿಗೆಗೆ ‘ಗೋಷ್ಠ’ವೆಂದು ಹೆಸರು, ಅದರಿಂದ ಬಂದ ‘ಗೋಷ್ಠಿ’ ಜನ ಕೂಡುವ ಕೂಟವಾಯಿತು. ಸಂಜೆಯಾದೊಡನೆ ತಾವಾಗಿಯೇ ಒಂದೆಡೆಗೆ ಬರುವುದೆಂಬ ಮೂಲಾರ್ಥ ವಿದ್ಯಾರ್ಥಿಗಳಿಗೆ ಚೆನ್ನಾಗಿಯೇ ಒಪ್ಪುತ್ತದೆ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ವಿಜ್ಞಾನ ಓದುತ್ತಿದ್ದವರೂ ಕನ್ನಡಕ್ಕಾಗಿ ಕೂಡುವಂತಾದದ್ದು ಎ.ಆರ್. ಕೃಷ್ಣಶಾಸ್ತ್ರಿಗಳು ಕಟ್ಟಿ ಬೆಳೆಸಿದ ಕರ್ನಾಟಕ ಸಂಘದಿಂದ. 1910ರ ದಶಕದ ಕೊನೆಯಲ್ಲಿ ಆ ಸಂಘವು ಹೊರತಂದ ‘ಪ್ರಬುದ್ಧ ಕರ್ನಾಟಕ’ ಮುಂದೆ ಮೈಸೂರು ವಿಶ್ವವಿದ್ಯಾನಿಲಯದ ಪತ್ರಿಕೆಯಾಗಿ ಬೆಳೆಯಿತು. ಪತ್ರಿಕೆಯೆಂದರೆ ಲೇಖನಗಳನ್ನು ಬೇಡುವುದು, ಕರಡು ತಿದ್ದುವುದು, ಚಂದಾ ಸಂಗ್ರಹಿಸುವುದು, ಅಂಚೆಗೆ ಹಾಕುವುದು. ಇಂತಹ ಚಾಕರಿಯಲ್ಲಿ ಒಡನಿದ್ದವರು ಕೇವಲ ಪರಿಚಿತರಾಗಿ ಉಳಿಯುವುದು ಸಾಧ್ಯವೇ ಇಲ್ಲ.

ಧಾರವಾಡದ ‘ಗೆಳೆಯರ ಗುಂಪು’ ಹೆಸರಿನಲ್ಲಿಯೇ ತನ್ನ ಲಕ್ಷಣವನ್ನು ಹೊತ್ತಿದೆ. 1922ರಲ್ಲಿ ದ.ರಾ. ಬೇಂದ್ರೆಯವರ ಸುತ್ತ ಬೆಳೆದ ಈ ಬಳಗದಲ್ಲಿ ಶಂ.ಬಾ. ಜೋಶಿ, ಬೆಟಗೇರಿ ಕೃಷ್ಣಶರ್ಮ, ಮಧುರಚೆನ್ನ, ರಂ.ಶ್ರೀ. ಮುಗಳಿ, ವಿ.ಕೃ. ಗೋಕಾಕ ಮೊದಲಾದವರಿದ್ದರು. ಗೋಕಾಕರು ಇದರೊಳಗೆ ಬಂದಾಗ ಕರ್ನಾಟಕ ಕಾಲೇಜಿನ ವಿದ್ಯಾರ್ಥಿ. ಬೇಂದ್ರೆಯವರು ಅವರಿಗಿಂತ ಹನ್ನೆರಡು ಹದಿಮೂರು ವರ್ಷ ಹಿರಿಯರು. ಗೆಳೆತನಕ್ಕೆ ಸಮವಯಸ್ಸು ಬೇಕೆಂಬ ನಂಬಿಕೆಯನ್ನು ಈ ಗುಂಪು ಸುಳ್ಳಾಗಿಸಿತು. ಅವರೆಲ್ಲರೂ ಒಬ್ಬರ ಮುಖವನ್ನೊಬ್ಬರು ನೋಡುತ್ತ ಕುಳಿತವರಲ್ಲ. ಕನ್ನಡವೆಂಬ ಮೂರನೆಯ ವಸ್ತುವಿನ ಕಡೆಗೆ ಒಟ್ಟಾಗಿ ಕಣ್ಣಿಟ್ಟವರು. ಅದರಿಂದಲೇ ಅವರ ನಡುವೆ ಮುಂದೆ ಭಿನ್ನಾಭಿಪ್ರಾಯಗಳು ಬಂದಾಗಲೂ ಪರಸ್ಪರ ಗೌರವ ಉಳಿದುಕೊಂಡಿತು.

ಶ್ರೀನಗರದ ವಿದ್ಯಾರ್ಥಿ ಇಂತಹ ಕೂಟವನ್ನು ಹುಡುಕಿಕೊಂಡು ಧಾರವಾಡಕ್ಕೆ ಹೋಗಬೇಕಾಗಿಲ್ಲ. ಡಿ.ವಿ. ಗುಂಡಪ್ಪನವರು 1945ರಲ್ಲಿ ಸ್ಥಾಪಿಸಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಬುಲ್ ಟೆಂಪಲ್ ರಸ್ತೆಯಲ್ಲಿಯೇ ಇದೆ. ಅಲ್ಲಿಯ ಅಧ್ಯಯನಗೋಷ್ಠಿಗಳಲ್ಲಿ ಹಿರಿಯ ಡಿ.ವಿ.ಜಿ.ಯವರ ಎದುರು ಕುಳಿತು ಕೇಳಿದ ತರುಣರು ಹಲವರು. ಅದೇ ವರ್ಷ ಬಿ.ಪಿ. ವಾಡಿಯಾ ದಂಪತಿಗಳು ಬಸವನಗುಡಿಯಲ್ಲಿ ತೆರೆದ ವಿಶ್ವಸಂಸ್ಕೃತಿ ಸಂಸ್ಥೆಯ ಗ್ರಂಥಾಲಯವೂ ಉಪನ್ಯಾಸಮಂದಿರವೂ ಕಾಲ್ನಡಿಗೆಯ ದೂರದಲ್ಲಿವೆ. ನ್ಯಾಷನಲ್ ಕಾಲೇಜಿನಲ್ಲಿ 1962ರಲ್ಲಿ ಎಚ್. ನರಸಿಂಹಯ್ಯನವರು ಆರಂಭಿಸಿದ ಬೆಂಗಳೂರು ವಿಜ್ಞಾನ ವೇದಿಕೆಯು ಬುಧವಾರದ ಸಂಜೆಯ ಉಪನ್ಯಾಸಗಳಿಗೆ ಹೆಸರಾಯಿತು. ವಾರವನ್ನು ನಿಗದಿಮಾಡಿದುದರಲ್ಲಿ ಒಂದು ವಿವೇಕವುಂಟು. ಒಂದು ಬುಧವಾರ ಹಿಂದಿನ ಸಾಲಿನಲ್ಲಿ ಕಂಡ ಮುಖ ಮುಂದಿನ ಬುಧವಾರವೂ ಕಾಣುತ್ತದೆ. ಮೂರನೆಯ ವಾರ ತಲೆಯಾಡಿಸುತ್ತಾರೆ. ಐದನೆಯ ವಾರ ಉಪನ್ಯಾಸ ಮುಗಿದ ಮೇಲೆ ಗಾಂಧಿಬಜಾರಿನವರೆಗೆ ವಾದಿಸುತ್ತ ನಡೆಯುತ್ತಾರೆ.

ಈ ನರಸಿಂಹಯ್ಯನವರ ಬಾಳೇ ಪ್ರಸ್ತುತ ವಿಷಯಕ್ಕೆ ಒಂದು ಭಾಷ್ಯದಂತಿದೆ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಬಡಮನೆಯಲ್ಲಿ ಹುಟ್ಟಿದ ಅವರು 1935ರಲ್ಲಿ ಓದಿನ ಹಂಬಲದಿಂದ ಬೆಂಗಳೂರಿಗೆ ನಡೆದೇ ಬಂದರು. ಮುಂದೆ ಅಮೆರಿಕದಲ್ಲಿ ಭೌತವಿಜ್ಞಾನದ ಡಾಕ್ಟರೇಟನ್ನು ಪಡೆದರು, ಪ್ರಾಂಶುಪಾಲರಾದರು, 1972ರಿಂದ 1977ರವರೆಗೆ ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದರು. ಆದರೂ 2005ರಲ್ಲಿ ತೀರಿಕೊಳ್ಳುವವರೆಗೆ ಅವರು ವಾಸಿಸಿದ್ದು ನ್ಯಾಷನಲ್ ಕಾಲೇಜಿನ ವಿದ್ಯಾರ್ಥಿನಿಲಯದ ಸರಳವಾದ ಕೋಣೆಯಲ್ಲಿ, ಹುಡುಗರ ನಡುವೆ. ಬಂಗಲೆ ದೊರೆಯುತ್ತಿದ್ದವನು ಹಾಸ್ಟೆಲಿನ ಕೋಣೆಯನ್ನು ಬಿಡದಿದ್ದುದಕ್ಕೆ ಸರಳತೆಯೊಂದೇ ಕಾರಣವೆನ್ನಲಾಗದು. ಅದು ಅವರ ಕುಟುಂಬವೇ ಆಗಿತ್ತು.

ಗೆಳೆತನದ ನಿಜವಾದ ಒರೆಗಲ್ಲು ರೋಗ. ದುರ್ಗಸಿಂಹನ ಕನ್ನಡ ಪಂಚತಂತ್ರದಲ್ಲಿ ಪರೀಕ್ಷೆಯ ಪ್ರಕರಣವಾದ ನಂತರ ವಿಶ್ವಾಸದ ಪ್ರಕರಣ ಬರುತ್ತದೆ, ಮಿತ್ರಕಾರ್ಯವಂತೂ ಕಟ್ಟಕಡೆಗೆ. ಬಾಡಿಗೆಯ ಕೋಣೆಯಲ್ಲಿ ಜ್ವರದಿಂದ ಮಲಗಿದವನಿಗೆ ಗಂಜಿ ತಂದುಕೊಟ್ಟವನು ಯಾವ ಪ್ರಕರಣವನ್ನೂ ಓದಿರಬೇಕಾಗಿಲ್ಲ. ಮೈಸೂರಿನಲ್ಲಿ ಕಾಲೇಜು ವಿದ್ಯಾರ್ಥಿಯಾಗಿದ್ದ ಕುವೆಂಪು ಅವರು ಅಸ್ವಸ್ಥರಾಗಿ ಮಲಗಿದ್ದಾಗ ಶ್ರೀರಾಮಕೃಷ್ಣಾಶ್ರಮದ ಸ್ವಾಮಿ ಸಿದ್ದೇಶ್ವರಾನಂದರು ಅವರನ್ನು ಆಶ್ರಮಕ್ಕೆ ಕರೆತಂದು ಆರೈಕೆ ಮಾಡಿಸಿದರು. ಕೆಲದಿನಗಳ ಆರೈಕೆಗೆಂದು ಹೋದವರು ವರ್ಷಗಟ್ಟಲೆ ಅಲ್ಲಿಯೇ ಉಳಿದರು. ಕನ್ನಡದ ಮಹಾಕವಿಯೊಬ್ಬರ ಚಿತ್ತ ಹದಗೊಂಡದ್ದು ಅಲ್ಲಿ.

ಇಂದಿನ ಸ್ಥಿತಿ ಹಿಂದಿನಂತಿಲ್ಲ. ಶ್ರೀನಗರದಲ್ಲಿಯೂ ಸುತ್ತಮುತ್ತಲೂ ಮನೆಯ ಮೇಲೆ ಮನೆ ಎದ್ದು, ‘ಪಿ.ಜಿ.’ ಎಂಬ ಫಲಕ ಹೊತ್ತ ವಸತಿಗಳು ತುಂಬಿವೆ. ಅಲ್ಲಿ ಮಂಚಕ್ಕೆ ಇಷ್ಟೆಂದು ದರ. ಊಟ ಡಬ್ಬಿಯಲ್ಲಿ ಬರುತ್ತದೆ. ಬೇಕಾದವನು ಬೇಕಾದ ಹೊತ್ತಿಗೆ ಮಂಚದ ಮೇಲೆಯೇ ಕುಳಿತು ಮೊಬೈಲನ್ನು ನೋಡುತ್ತ ಉಣ್ಣುತ್ತಾನೆ. ಪಂಕ್ತಿ ಮುರಿದುಹೋದುದನ್ನು ಯಾರೂ ಗಮನಿಸಲಿಲ್ಲ, ಏಕೆಂದರೆ ಹೊಟ್ಟೆ ತುಂಬುತ್ತಲೇ ಇದೆ. ಮೊಬೈಲೊಂದನ್ನೇ ದೂರುವುದು ನ್ಯಾಯವಲ್ಲ. ಊರಿನ ತಾಯಿಯ ಮುಖವನ್ನು ಪ್ರತಿರಾತ್ರಿಯೂ ತೋರಿಸುವುದು ಅದೇ ಯಂತ್ರ. ಆದರೆ ಊರಿನ ಹಳೆಯ ಗೆಳೆಯರು ಅಂಗೈಯಲ್ಲಿಯೇ ಇರುವುದರಿಂದ ಪಕ್ಕದ ಮಂಚದ ಹೊಸಬನನ್ನು ಮಾತಾಡಿಸುವ ಅಗತ್ಯ ಕಾಣುವುದಿಲ್ಲ. 2020ರ ಮಾರ್ಚಿಯಲ್ಲಿ ಕೊರೋನಾ ರೋಗದಿಂದಾಗಿ ಕಾಲೇಜುಗಳೂ ನಿಲಯಗಳೂ ಮುಚ್ಚಿದಾಗ, ಆ ಸಾಲಿನಲ್ಲಿ ಕಾಲೇಜು ಸೇರಿದ ಮಕ್ಕಳು ಸಹಪಾಠಿಗಳನ್ನು ಬೆರಳಗಲದ ಚೌಕಗಳಲ್ಲಿ ಮಾತ್ರ ಕಂಡರು. ಪಾಠ ನಡೆಯಿತು, ಪರೀಕ್ಷೆಯೂ ನಡೆಯಿತು. ತಿರುಗಿ ತರಗತಿಗಳಿಗೆ ಬಂದಾಗ, ವರ್ಷವಿಡೀ ಜೊತೆಯಲ್ಲಿ ಓದಿದವರು ಮೊದಲ ದಿನ ಬಂದವರಂತೆ ಪರಸ್ಪರ ಹೆಸರು ಕೇಳಬೇಕಾಯಿತು.

ಹೆಣ್ಣುಮಕ್ಕಳ ವಿಷಯದಲ್ಲಿ ಸಖ್ಯದ ಹಾದಿ ಇನ್ನೂ ಇಕ್ಕಟ್ಟಾದದ್ದು. ಮೇಲೆ ಹೇಳಿದ ಗುಂಪುಗಳೂ ಗೋಷ್ಠಿಗಳೂ ಬಹುಮಟ್ಟಿಗೆ ಗಂಡಸರವೇ. ಸಂಜೆ ಆರೂವರೆಗೆ ಗೇಟು ಮುಚ್ಚುವ ನಿಲಯದ ಹುಡುಗಿಗೆ ಸಂಜೆ ಆರಕ್ಕೆ ಆರಂಭವಾಗುವ ಉಪನ್ಯಾಸ ಇದ್ದೂ ಇಲ್ಲದಂತೆ. ತಂದೆತಾಯಿಗಳ ಭಯಕ್ಕೆ ಕಾರಣವಿಲ್ಲದಿಲ್ಲ. ಆದರೆ ಆ ಭಯದ ಬೆ​ಲೆಯನ್ನು ತೆರುವವಳು ಮಗಳು. ಹಾಗಿದ್ದೂ ಗೇಟಿನ ಒಳಗಡೆ ಹುಟ್ಟುವ ಅವರ ಗೆಳೆತನ ಗಟ್ಟಿಯಾದದ್ದೆಂಬುದಕ್ಕೆ ಮದುವೆಯಾಗಿ ಬೇರೆ ಬೇರೆ ಊರುಗಳಿಗೆ ಹೋದ ಮೇಲೂ ಒಬ್ಬರ ಮಕ್ಕಳ ಓದಿಗೆ ಮತ್ತೊಬ್ಬರು ಮನೆ ತೆರೆದಿಡುವುದೇ ಸಾಕ್ಷಿ. ಕೆಳೆಯು ನಂಟಾಗುವ ಬಗೆಯನ್ನು ಅಲ್ಲಿ ಪ್ರತ್ಯಕ್ಷವಾಗಿ ಕಾಣಬಹುದು.

ಕೆಳೆಯು ನಂಟಾಗಿ, ನಂಟು ಲೋಕವನ್ನೇ ತಬ್ಬಿದ ಒಂದು ಪ್ರಸಂಗ ಈ ನಾಡಿನ ಇತಿಹಾಸದಲ್ಲಿದೆ. ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ 1907ರ ಏಪ್ರಿಲ್ 1ರಂದು ಹುಟ್ಟಿದ ಶಿವಣ್ಣ ಎಂಬ ಹುಡುಗ ತುಮಕೂರಿನ ಕಡೆ ಓದುವಾಗ ಕೆಲಕಾಲ ಸಿದ್ಧಗಂಗಾ ಮಠದಲ್ಲಿ ವಿದ್ಯಾರ್ಥಿಯಾಗಿದ್ದನು. 1926ರಲ್ಲಿ ಮೆಟ್ರಿಕ್ಯುಲೇಷನ್ ಮುಗಿಸಿ ಬೆಂಗಳೂರಿನ ಸೆಂಟ್ರಲ್ ಕಾಲೇಜನ್ನು ಸೇರಿದನು; ಭೌತವಿಜ್ಞಾನ ಮತ್ತು ಗಣಿತ ಅವನ ವಿಷಯಗಳು. ಮಠದ ಉತ್ತರಾಧಿಕಾರಿಯಾಗಿ ಗೊತ್ತಾಗಿದ್ದ ಮರುಳಾರಾಧ್ಯರು ಅವನ ಗೆಳೆಯರು. 1930ರ ಜನವರಿಯಲ್ಲಿ ಮರುಳಾರಾಧ್ಯರು ಅಕಾಲದಲ್ಲಿ ತೀರಿಕೊಂಡರು. ಗೆಳೆಯನ ಅಂತ್ಯಕ್ರಿಯೆಗೆಂದು ಬೆಂಗಳೂರಿನಿಂದ ಹೋದ ಕಾಲೇಜು ವಿದ್ಯಾರ್ಥಿಯನ್ನು ಕಂಡು ಉದ್ದಾನ ಶಿವಯೋಗಿಗಳು ಆ ಸ್ಥಾನಕ್ಕೆ ಅವನನ್ನೇ ಆರಿಸಿದರು. ಪದವಿ ಅಲ್ಲಿಗೇ ನಿಂತಿತು. ಅದೇ ವರ್ಷದ ಮಾರ್ಚಿಯಲ್ಲಿ ಶಿವಣ್ಣನು ವಿರಕ್ತಾಶ್ರಮವನ್ನು ಸ್ವೀಕರಿಸಿ ಶಿವಕುಮಾರ ಸ್ವಾಮಿಗಳಾದರು. 2019ರ ಜನವರಿ 21ರಂದು ಲಿಂಗೈಕ್ಯರಾಗುವವರೆಗಿನ ಅವರ ದೀರ್ಘಜೀವನದಲ್ಲಿ ಸಿದ್ಧಗಂಗೆಯ ಪಂಕ್ತಿ ಬೆಳೆದು, ಏಕಕಾಲಕ್ಕೆ ಹತ್ತು ಸಾವಿರದಷ್ಟು ಮಕ್ಕಳು ಜಾತಿಮತಗಳ ಭೇದವಿಲ್ಲದೆ ಉಂಡು ಓದುವಂತಾಯಿತು. ಅಲ್ಲಿ ಮಕ್ಕಳು ಸಾಲಾಗಿ ಕುಳಿತಾಗ ಪಕ್ಕದವನು ಯಾವ ಪೈಕಿಯವನೆಂದು ತಿಳಿಯುವ ಬಗೆಯಿಲ್ಲ. ಗೆಳೆಯನ ಅಂತ್ಯಕ್ರಿಯೆಗೆ ಹೋಗಲು ಆ ದಿನ ಪಾಠ ತಪ್ಪಿಸಬಾರದೆಂದು ಶಿವಣ್ಣನು ಯೋಚಿಸಿದ್ದರೆ ಏನಾಗುತ್ತಿತ್ತೆಂಬುದನ್ನು ಊಹಿಸುವುದು ಕಷ್ಟ.

ನಿಲಯಗಳನ್ನು ನಡೆಸುವವರ ಕೈಯಲ್ಲಿ ಈ ವಿಷಯದಲ್ಲಿ ಹಣಕ್ಕಿಂತ ದೊಡ್ಡ ಸಾಧನವೊಂದಿದೆ. ಅದು ಕೋಣೆ ಹಂಚುವ ಪಟ್ಟಿ. ಸಾಮಾನ್ಯವಾಗಿ ಒಂದೇ ಜಿಲ್ಲೆಯವರನ್ನು, ಪರಿಚಿತರ ಮಕ್ಕಳನ್ನು, ಒಂದೇ ತರಗತಿಯವರನ್ನು ಒಂದೇ ಕೋಣೆಗೆ ಹಾಕುವುದು ವಾಡಿಕೆ. ತಂದೆತಾಯಿಗಳ ಒತ್ತಾಯವೂ ಅದೇ. ಬೀದರಿನವನ ಮಂಚದ ಪಕ್ಕದಲ್ಲಿ ಚಾಮರಾಜನಗರದವನದನ್ನು, ಇಂಜಿನಿಯರಿಂಗ್ ಓದುವವನ ಪಕ್ಕದಲ್ಲಿ ಸಂಸ್ಕೃತ ಓದುವವನದನ್ನು ಹಾಕುವುದಕ್ಕೆ ಒಂದು ಕಾಸೂ ಖರ್ಚಾಗುವುದಿಲ್ಲ. ಸಮುದಾಯದ ನಿಧಿಯಿಂದ ನಡೆಯುವ ನಿಲಯವೂ ಹತ್ತರಲ್ಲಿ ಒಂದೆರಡು ಸ್ಥಾನಗಳನ್ನು ಹೊರಗಿನ ಬಡಮಕ್ಕಳಿಗೆ ಮೀಸಲಿಟ್ಟರೆ ದಾನಿಗಳು ಬೇಡವೆನ್ನಲಾರರು. ರಾತ್ರಿಯ ಊಟಕ್ಕೆ ಒಂದೇ ಗಂಟೆ, ಒಂದೇ ಪಂಕ್ತಿ, ಕೈಯಲ್ಲಿ ಮೊಬೈಲಿಲ್ಲ ಎಂಬ ನಿಯಮವನ್ನು ಹುಡುಗರು ಮೊದಲ ತಿಂಗಳು ಪ್ರತಿಭಟಿಸಬಹುದು. ಬಡಿಸುವ ಕೆಲಸವನ್ನು ಸರದಿಯಂತೆ ಅವರಿಗೇ ವಹಿಸಿದರೆ ಪ್ರತಿಭಟನೆ ಕಡಿಮೆಯಾಗುತ್ತದೆ. ಹುಳಿ ಬಡಿಸುವವನಿಗೆ ಸಾಲಿನಲ್ಲಿ ಕುಳಿತ ಎಲ್ಲರ ಹೆಸರೂ ವಾರದೊಳಗೆ ಬಂದುಬಿಡುತ್ತದೆ.